ಬಿಸಿಲಿಗೆ ಹೆದರಿ ಟೈರಿನ ಗಾಳಿ ಇಳಿಸಬೇಡಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಮಂಗಳೂರಿನಿಂದ ತಲಪಾಡಿ ದಾಟಿ ಮನೆಗೆ ಬರುತ್ತಿದ್ದೆ. ದಾರಿಯಲ್ಲಿ ಒಂದು ಪೆಟ್ರೋಲ್ ಪಂಪಿನಲ್ಲಿ ಗಾಳಿ ನೋಡಿಸಲು ನಿಲ್ಲಿಸಿದೆ. ನಾಲ್ಕೂ ಟೈರು 37 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತೋರಿಸಿತು. ಹುಡುಗ ಮೆಷಿನ್‌ನಲ್ಲಿ 33 ಒತ್ತಿದ. ಸುಸ್ಸೆಂದು ಗಾಳಿ ಹೊರಗೆ ಹೋಯಿತು, ಮೆಷಿನ್ ಟೀಂ ಟೀಂ ಅಂದಿತು. "ಚೂಡಲ್ಲೇ ಏಟ್ಟಾ, ಕಾಟ್ಟ್ ಕುರಚ್ಚು ಮದಿ" ಅಂದ ಹುಡುಗ ಮಲಯಾಳದಲ್ಲಿ. ಸೆಕೆ ಅಲ್ವಾ ಅಣ್ಣ, ಗಾಳಿ ಸ್ವಲ್ಪ ಸಾಕು ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಮರುದಿನ ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿ ಕೂತು ವಾಲ್ವಿನ ಮುಚ್ಚಳ ತೆಗೆದು ನನ್ನ ಸ್ವಂತ ಗೇಜ್ ಒತ್ತಿದೆ. 29.

ಕಾರಿನ ಬಾಗಿಲ ಚೌಕಟ್ಟಿನಲ್ಲಿ ಕಂಪನಿ ಅಂಟಿಸಿದ ಚೀಟಿ ಹೇಳುವುದು 33. ಈಗ ಇರುವುದು 29. ಪಂಕ್ಚರ್ ಏನೂ ಆಗಿರಲಿಲ್ಲ. ನಡುವೆ ಆದದ್ದು ಇಷ್ಟೇ: ಬಿಸಿ ಟೈರಿನ ಲೆಕ್ಕವನ್ನು ತಣ್ಣಗಿನ ಟೈರಿನ ಲೆಕ್ಕಕ್ಕೆ ಹೊಂದಿಸಿಬಿಟ್ಟೆವು.

ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಟೈರು ಒಡೆಯುತ್ತದೆ, ಅದಕ್ಕೇ ಕಮ್ಮಿ ಇಡಬೇಕು ಅನ್ನುವ ಮಾತನ್ನು ನಾನು ಮಂಜೇಶ್ವರದಲ್ಲೂ ಕೇಳಿದ್ದೇನೆ, ಬದಿಯಡ್ಕದಲ್ಲೂ ಕೇಳಿದ್ದೇನೆ, ಓದಿದವರ ಬಾಯಿಂದಲೂ ಕೇಳಿದ್ದೇನೆ. ಇದು ಸುಮ್ನೆ ತಪ್ಪು ತಿಳುವಳಿಕೆ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇದು ಪೂರ್ತಿ ಉಲ್ಟಾ. ಟೈರು ಒಡೆಯಬಾರದು ಅಂತ ನಾವು ಮಾಡುವ ಕೆಲಸವೇ ಟೈರನ್ನು ಒಡೆಯುವ ಕಡೆಗೆ ತಳ್ಳುತ್ತದೆ.

ಗಾಳಿ ಹಿಗ್ಗುವುದು ನಿಜ. ಎಷ್ಟು ಅಂತ ನೋಡಿ. ಕಾರಿನ ಟೈರಿನಲ್ಲಿ ಸುಮಾರು 6 ಡಿಗ್ರಿ ಸೆಲ್ಸಿಯಸ್ ಶಾಖ ಏರಿದರೆ 1 ಪಿಎಸ್‌ಐ ಏರುತ್ತದೆ. ಬೆಳಿಗ್ಗೆ 24 ಡಿಗ್ರಿ, ಮಧ್ಯಾಹ್ನ 34 ಡಿಗ್ರಿ ಅಂದರೆ ಬರೀ ಹವೆಯಿಂದ ಎರಡು ಪಿಎಸ್‌ಐ ಕೂಡ ಏರುವುದಿಲ್ಲ. ಓಡಿ ಓಡಿ ಟೈರು 50 ಡಿಗ್ರಿ ಮುಟ್ಟಿದರೆ ನಾಲ್ಕು. ಈ ಏರಿಕೆ ಕಾರು ಮಾಡಿದವರಿಗೆ ಗೊತ್ತಿಲ್ಲದ್ದೇನಲ್ಲ. ಚೀಟಿಯ 33 ಅನ್ನುವುದು ತಣ್ಣಗಿನ ಟೈರಿನ ಸಂಖ್ಯೆ, ಮೇಲಿನ ನಾಲ್ಕನ್ನು ಲೆಕ್ಕ ಹಿಡಿದೇ ಬರೆದದ್ದು. ಟೈರಿನ ಪಕ್ಕದಲ್ಲಿ 44 ಅಥವಾ 51 ಅಂತ ಅಚ್ಚೊತ್ತಿರುತ್ತದಲ್ಲ, ಅದು ಆ ಟೈರಿನ ಗರಿಷ್ಠ ಮಿತಿ. ನಿಮ್ಮ ಕಾರಿಗೆ ಹಾಕಬೇಕಾದ ಗಾಳಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಟೈರು ಒಡೆಯುವುದು ಯಾಕೆ? ಇಲ್ಲಿಂದ ವಿಷಯ ರುಚಿಕಟ್ಟು.

ಕಾರಿನ ಭಾರ ಹೊರುವುದು ಹೆಚ್ಚಾಗಿ ಒಳಗಿನ ಗಾಳಿ. ರಬ್ಬರು ಆ ಗಾಳಿಯನ್ನು ಹಿಡಿದಿಡುವ ಗೋಣಿ ಇದ್ದ ಹಾಗೆ. ಸಾವಿರ ಕಿಲೋ ಕಾರಾದರೆ ಒಂದು ಚಕ್ರಕ್ಕೆ 250 ಕಿಲೋ. 33 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ ಒತ್ತಡ. ಭಾಗಿಸಿ ನೋಡಿ, ಒಂದು ಟೈರು ನೆಲ ಮುಟ್ಟುವ ಜಾಗ ಹೆಚ್ಚುಕಮ್ಮಿ ನಮ್ಮ ಅಂಗೈಯಷ್ಟು! ಗಾಳಿ ಕಮ್ಮಿಯಾದರೆ ಅದೇ ಭಾರ ಹೊರಲು ಜಾಸ್ತಿ ಜಾಗ ಬೇಕು, ಅಷ್ಟು ಜಾಗ ಸಿಗಲು ಟೈರು ಇನ್ನಷ್ಟು ಚಪ್ಪಟೆಯಾಗಬೇಕು. ಅಡಿಕೆ ಗೋಣಿ ಬಿಗಿಯಾಗಿ ತುಂಬಿದ್ದರೆ ನೆಟ್ಟಗೆ ನಿಲ್ಲುತ್ತದೆ, ಅರ್ಧ ತುಂಬಿದ್ದರೆ ಸೊಂಟ ಮುರಿದು ಪಕ್ಕಕ್ಕೆ ಉಬ್ಬುತ್ತದೆ, ಅಲ್ವಾ? ಟೈರಿನ ಪಕ್ಕೆಯೂ ಹಾಗೇ ಉಬ್ಬುತ್ತದೆ.

ನಿಂತ ಕಾರಿನಲ್ಲಿ ಉಬ್ಬಿದರೆ ತೊಂದರೆಯಿಲ್ಲ. ಓಡುವ ಕಾರಿನಲ್ಲಿ ಆ ಉಬ್ಬು ಸುತ್ತುತ್ತಾ ಇರುತ್ತದೆ. ಸಣ್ಣ ಕಾರಿನ ಟೈರಿನ ಸುತ್ತಳತೆ ಸುಮಾರು 1.8 ಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ 12 ಸಲ ತಿರುಗುತ್ತದೆ. ಅಂದರೆ ಪಕ್ಕೆಯ ಪ್ರತಿಯೊಂದು ತುಣುಕೂ ಸೆಕೆಂಡಿಗೆ ಹನ್ನೆರಡು ಸಲ ಬಾಗಿ ಹನ್ನೆರಡು ಸಲ ನೆಟ್ಟಗಾಗುತ್ತದೆ. ಹಳೆಯ ಕೊಡೆಯ ಕಡ್ಡಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಾಗಿಸಿ ನೋಡಿ, ಆ ಜಾಗ ಬಿಸಿಯಾಗುತ್ತದೆ, ಆಮೇಲೆ ಮುರಿಯುತ್ತದೆ. ರಬ್ಬರ್ ಚೆಂಡನ್ನು ಕೈಯಿಂದ ಬಿಡಿ, ಬಿಟ್ಟ ಎತ್ತರಕ್ಕೆ ಅದು ವಾಪಸ್ ಬರುವುದಿಲ್ಲ. ನೂರು ರೂಪಾಯಿ ಸಾಲ ತಗೊಂಡು ತೊಂಬತ್ತು ಮಾತ್ರ ತಿರುಗಿ ಕೊಡುವವನ ಹಾಗೆ ರಬ್ಬರು ಪ್ರತಿ ಸಲವೂ ಸ್ವಲ್ಪ ಶಕ್ತಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಆ ಉಳಿದ ಶಕ್ತಿಯೇ ಶಾಖ. ರಬ್ಬರಿನ ಮೂಲಕ ಶಾಖ ಬೇಗ ಹೊರಗೆ ಹೋಗುವುದೂ ಇಲ್ಲ. ಒಳಗೊಳಗೇ ಕೂಡಿ ಕೂಡಿ ಪದರಗಳ ನಡುವಿನ ಅಂಟು ಸೋಲುತ್ತದೆ, ಕೊನೆಗೆ ಪಕ್ಕೆ ಕಿತ್ತುಬರುತ್ತದೆ. ಹೆದ್ದಾರಿಯಲ್ಲಿ ಢಬ್ ಅನ್ನುವ ಎಷ್ಟೋ ಟೈರುಗಳ ಕಥೆ ಇದೇ. ಕಮ್ಮಿ ಗಾಳಿ, ಜಾಸ್ತಿ ಭಾರ, ಜಾಸ್ತಿ ವೇಗ. ಬಿಸಿಲು ಆ ಬೆಂಕಿಗೆ ಸ್ವಲ್ಪ ಎಣ್ಣೆ ಹಾಕುತ್ತದೆ, ನಿಜ. ಬೆಂಕಿ ಹಚ್ಚಿದ್ದು ಕಮ್ಮಿ ಗಾಳಿ.

ಸರಿಯಾಗಿ ಗಾಳಿ ತುಂಬಿದ ಟೈರು ಎಷ್ಟು ಚಂದ ಅಂದರೆ, ಓಡುವಾಗ ಬಿಸಿಯಾಗಿ ಒತ್ತಡ ಏರಿದ ಹಾಗೆ ಪಕ್ಕೆ ಬಾಗುವುದು ಕಮ್ಮಿಯಾಗುತ್ತದೆ, ಬಾಗುವುದು ಕಮ್ಮಿಯಾದ ಹಾಗೆ ಶಾಖವೂ ಒಂದು ಹಂತಕ್ಕೆ ನಿಲ್ಲುತ್ತದೆ. ಆ 37ನ್ನು ಕಂಡು ಹೆದರಿ ಗಾಳಿ ಬಿಟ್ಟರೆ ಈ ಏರ್ಪಾಡನ್ನು ನಾವೇ ಕೆಡಿಸಿದಂತೆ.

ನಮ್ಮೂರಿನ ಗುಡ್ಡಗಳಲ್ಲಿ ರಬ್ಬರ್ ತೋಟ ಇರುವವರಿಗೆ ಹಸಿ ರಬ್ಬರಿನ ಗುಣ ಗೊತ್ತು. ಸೆಕೆಗೆ ಮೆತ್ತಗಾಗಿ ಅಂಟುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಅದನ್ನು ಗಂಧಕದ ಜೊತೆ ಬಿಸಿ ಮಾಡಿದರೆ ಪುಟಿಯುವ, ಬಾಳುವ ವಸ್ತುವಾಗುತ್ತದೆ ಅಂತ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಗಾಳಿ ತುಂಬಿದ ಚಕ್ರಕ್ಕೆ ಸ್ಕಾಟ್‌ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಆಗ ಕಾರೂ ಇರಲಿಲ್ಲ, ಇಂದಿನಂಥ ಸೈಕಲ್ಲೂ ಇರಲಿಲ್ಲ, ಜನ ಮರೆತರು. ನಲುವತ್ತು ವರ್ಷ ಕಳೆದ ಮೇಲೆ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆ ಅದನ್ನೇ ಹೊಸದಾಗಿ ಮಾಡಿ 1888ರಲ್ಲಿ ಪೇಟೆಂಟ್ ತೆಗೆದ. ಥಾಮ್ಸನ್‌ನ ಹಳೆಯ ಪೇಟೆಂಟಿನಿಂದಾಗಿ ಅದು ಆಮೇಲೆ ರದ್ದಾಯಿತು. ಆದರೂ ಲೋಕ ನೆನಪಿಟ್ಟಿರುವುದು ಡನ್‌ಲಪ್ ಹೆಸರನ್ನೇ. ಥಾಮ್ಸನ್ ಬಗ್ಗೆ ನನಗೆ ಈಗಲೂ ಬೇಸರವಿದೆ.

ಮಳೆಗಾಲಕ್ಕೂ ಈ ಲೆಕ್ಕ ಬೇಕು. ಜೂನ್ ಬಂದರೆ ನಮ್ಮ ರಸ್ತೆಯಲ್ಲಿ ನೀರು ನಿಲ್ಲುತ್ತದೆ. ವೇಗ ಜಾಸ್ತಿಯಾದರೆ ಟೈರು ನೀರನ್ನು ಪಕ್ಕಕ್ಕೆ ತಳ್ಳಲಾರದೆ ನೀರಿನ ಮೇಲೇ ತೇಲುತ್ತದೆ, ಆಗ ಬ್ರೇಕ್ ಒತ್ತಿದರೂ ಸ್ಟೇರಿಂಗ್ ತಿರುಗಿಸಿದರೂ ಒಂದೇ. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರುಗಳ ಮೇಲೆ ಪರೀಕ್ಷೆ ಮಾಡಿ, ತೇಲುವ ವೇಗ ಟೈರಿನ ಒತ್ತಡದ ವರ್ಗಮೂಲದ ಜೊತೆ ಏರುತ್ತದೆ ಅಂತ ತೋರಿಸಿದರು. ಆ ಸೂತ್ರದಲ್ಲಿ 33 ಪಿಎಸ್‌ಐಗೆ ಗಂಟೆಗೆ ಸುಮಾರು 96 ಕಿಲೋಮೀಟರ್, 24 ಪಿಎಸ್‌ಐಗೆ ಸುಮಾರು 82. ಸವೆದ ಟೈರಾದರೆ ಅದಕ್ಕಿಂತ ಮೊದಲೇ ತೇಲಬಹುದು.

ನೈಟ್ರೋಜನ್ ಹಾಕಿಸಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಮಾನ್ಯ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುತ್ತದೆ, ತೇವ ಇರುವುದಿಲ್ಲ, ಅಷ್ಟೇ. ಬಿಸಿಯಾದರೆ ಅದೂ ಹಿಗ್ಗುತ್ತದೆ.

ಒಂದು ಗೇಜ್ ತಗೊಳ್ಳಿ, ತುಂಬಾ ಬೆಲೆಯೇನೂ ಇಲ್ಲ. ತಿಂಗಳಿಗೊಮ್ಮೆ ಬೆಳಿಗ್ಗೆ ಕಾರು ಹೊರಡುವ ಮೊದಲು ನೋಡಿ, ಯಾಕೆಂದರೆ ಒಳ್ಳೆಯ ಟೈರಿನಿಂದಲೂ ತಿಂಗಳಿಗೆ ಸುಮಾರು 1 ಪಿಎಸ್‌ಐ ತಾನಾಗಿ ಸೋರುತ್ತದೆ. ಓಡಿದ ಕಾರಾದರೆ ಮೂರು ಗಂಟೆಯಾದರೂ ನಿಂತಿರಬೇಕು. ಮನೆಮಂದಿಯೆಲ್ಲ ಹತ್ತಿ, ಹಿಂದೆ ಅಡಿಕೆ ಗೋಣಿಯನ್ನೂ ತುಂಬಿ ಹೋಗುವ ದಿನಕ್ಕೆ ಚೀಟಿಯಲ್ಲಿ ಬೇರೆ ಸಂಖ್ಯೆ ಇರುತ್ತದೆ, ಹಿಂದಿನ ಟೈರಿಗೆ ಸಾಮಾನ್ಯವಾಗಿ ಜಾಸ್ತಿ. ಪಂಪಿನಲ್ಲಿ ಬಿಸಿ ಟೈರಿಗೇ ಹಾಕಿಸಬೇಕಾಗಿ ಬಂದರೆ ಚೀಟಿಗಿಂತ ಮೂರು ನಾಲ್ಕು ಜಾಸ್ತಿ ಹೇಳಿ, ಮರುದಿನ ಬೆಳಿಗ್ಗೆ ಸರಿ ಮಾಡಿಕೊಳ್ಳಿ. ಬಿಸಿ ಟೈರಿನ ಗಾಳಿ ಮಾತ್ರ ಬಿಡಿಸಬೇಡಿ.

ಹಾಗೇ ಡಿಕ್ಕಿಯನ್ನೂ ತೆರೆಯಿರಿ. ನಾನು ಆ ದಿನ ನಾಲ್ಕನ್ನೂ ಸರಿ ಮಾಡಿ ಸ್ಟೆಪ್ನಿಗೆ ಗೇಜ್ ಒತ್ತಿದಾಗ ಮುಳ್ಳು 17ರಲ್ಲಿ ನಿಂತಿತ್ತು.