ತೋಟದ ಶೆಡ್ಡು ಗಾಳಿಗೆ ಏಳದಂತೆ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ತೋಟ ಇರುವ ಮನೆಯಲ್ಲಿ ಒಂದು ಶೀಟಿನ ಶೆಡ್ಡು ಇದ್ದೇ ಇರುತ್ತದೆ. ಗೊಬ್ಬರ, ಸ್ಪ್ರೇಯರ್, ಸುಲಿಯದ ಅಡಿಕೆ ಎಲ್ಲ ಅದರೊಳಗೆ. ಕಟ್ಟಿಸುವಾಗ ಹೆಚ್ಚಿನವರು ಕೇಳುವುದು ಸೋರುವುದರ ಬಗ್ಗೆ. ಗಾಳಿಯ ಬಗ್ಗೆ ಕೇಳುವವರು ಕಡಿಮೆ. ಸಿವಿಲ್ ಎಂಜಿನಿಯರಾಗಿ ನಾನು ಮೊದಲು ನೋಡುವುದು ಕಂಬದ ಬುಡವನ್ನು.

ಗಾಳಿ ಶೆಡ್ಡನ್ನು ದೂಡಿ ಬೀಳಿಸುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಹಗುರ ಶೆಡ್ಡನ್ನು ಗಾಳಿ ಹೆಚ್ಚಾಗಿ ಎತ್ತುತ್ತದೆ. ಮಾಡಿನ (ಛಾವಣಿಯ) ಮೇಲೆ ಗಾಳಿ ಜೋರಾಗಿ ಹಾಯುವಾಗ ಅಲ್ಲಿ ಒತ್ತಡ ಇಳಿದು ಶೀಟು ಮೇಲಕ್ಕೆ ಸೆಳೆತಕ್ಕೆ ಸಿಗುತ್ತದೆ. ಗಾಳಿ ಬರುವ ಬದಿ ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ದೂಡುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಗಂಟೆಗೆ 60 ಕಿ.ಮೀ. ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 17 ಕಿಲೋ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು, ಅಂದರೆ 68 ಕಿಲೋ. ಕಟ್ಟಡಗಳ ಗಾಳಿ ಲೆಕ್ಕಕ್ಕಿರುವ ಭಾರತೀಯ ಮಾನಕ ಐಎಸ್ 875ರಲ್ಲಿ ಮಂಗಳೂರಿಗೂ ಕೋಝಿಕ್ಕೋಡಿಗೂ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್ ಎಂದಿದೆ. ನಡುವೆ ಇರುವ ನಮಗೂ ಅದೇ ಆಧಾರ. ಅದು ಗಂಟೆಗೆ ಸುಮಾರು 140 ಕಿ.ಮೀ., ಒತ್ತಡ ಚದರ ಮೀಟರಿಗೆ 93 ಕಿಲೋ. 10 ಅಡಿಗೆ 10 ಅಡಿಯ ಮಾಡಿನಲ್ಲಿ ಅಷ್ಟೇ ಸೆಳೆತ ಎಂದುಕೊಂಡರೂ ಒಟ್ಟು 860 ಕಿಲೋ ಮೇಲಕ್ಕೆ. ಗೋಡೆ ಇಲ್ಲದ ಶೆಡ್ಡಿನ ಪೈಪು, ಶೀಟು ಎಲ್ಲ ಸೇರಿ 200 ಕಿಲೋದ ಆಸುಪಾಸು. ಉಳಿದದ್ದನ್ನು ನೆಲವೇ ಹಿಡಿದುಕೊಳ್ಳಬೇಕು.

"ಮಾಡಿನ ಮೇಲೆ ನಾಲ್ಕು ಕಲ್ಲು ಇಟ್ಟರೆ ಸಾಕಲ್ವಾ ಸಾರ್?" ಅಂತ ಕೇಳುತ್ತಾರೆ. ಒಂದು ಮುರಕಲ್ಲು (ಜಂಬಿಟ್ಟಿಗೆ) 30 ಕಿಲೋ ಎಂದರೂ ನಾಲ್ಕಕ್ಕೆ 120 ಕಿಲೋ. ಶೀಟು ಎದ್ದ ಗಳಿಗೆಯಲ್ಲಿ ಆ ಕಲ್ಲು ಯಾರ ತಲೆಗೆ ಬೀಳುತ್ತದೋ ಗೊತ್ತಿಲ್ಲ. ದಯವಿಟ್ಟು ಇಡಬೇಡಿ. ಪಕ್ಕದ ಕಂಗಿಗೆ ಹಗ್ಗ ಬಿಗಿಯುವುದೂ ಬೇಡ. ಗಾಳಿಗೆ ಅಡಿಕೆ ಮರ ಓಲಾಡುತ್ತದೆ, ಓಲಾಡುವಾಗ ಶೆಡ್ಡನ್ನೇ ಎಳೆಯುತ್ತದೆ.

ಕಂಬಕ್ಕೆ ಬೇಕಾದದ್ದು ಕಾಂಕ್ರೀಟಿನ ಬುಡ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಎರಡು ಅಡಿ ಆಳದ ಗುಂಡಿ ತುಂಬಿದರೆ ಸುಮಾರು 300 ಕಿಲೋ. ನಾಲ್ಕು ಕಂಬಕ್ಕೆ 1,200 ಕಿಲೋ. ಕಾಗದದಲ್ಲಿ ಇದು ಧಾರಾಳವಾಯಿತು. ಆದರೆ ನಮ್ಮ ಊರಿನ ಕಷ್ಟ ಬೇರೆಯೇ ಇದೆ. ಜೋರು ಗಾಳಿ ಬೀಸುವ ಜೂನ್, ಜುಲೈಯಲ್ಲೇ ಬಯಲಿನ ತೋಟದಲ್ಲಿ ನೀರು ನೆಲದ ಮಟ್ಟಕ್ಕೆ ಬಂದಿರುತ್ತದೆ. ನೀರಿನಲ್ಲಿ ಮುಳುಗಿದ ಕಾಂಕ್ರೀಟು ತಾನು ಹೊರಹಾಕಿದ ನೀರಿನಷ್ಟು ತೂಕ ಕಳೆದುಕೊಳ್ಳುತ್ತದೆ. 300 ಕಿಲೋದ ಬುಡ ಆಗ 180ಕ್ಕೆ ಇಳಿಯುತ್ತದೆ. ಸುತ್ತಲಿನ ಮಣ್ಣೂ ಕೆಸರಾಗಿ ಹಿಡಿತ ಬಿಡುತ್ತದೆ. ಹಾಗಾಗಿ ಬಯಲಿನಲ್ಲಿ ನಾನು ಗುಂಡಿಯ ತಳವನ್ನು ಬಾಯಿಗಿಂತ ಅಗಲ ಮಾಡಿಸುತ್ತೇನೆ. ಎರಡೂವರೆ ಅಡಿಯ ತಳ ಇದ್ದರೆ ಅದರ ಮೇಲೆ ಹಾಕಿ ಗುದ್ದಿದ ಮಣ್ಣಿನ ಭಾರವೂ ನಿಮ್ಮ ಕಡೆಗೆ ಸೇರುತ್ತದೆ. ಖರ್ಚು ಸ್ವಲ್ಪ ಜಾಸ್ತಿ, ಆದರೆ ಉಳಿಸಬೇಕಾದ ಜಾಗ ಇದಲ್ಲ.

ಪದವಿನ, ಅಂದರೆ ಮುರಕಲ್ಲಿನ ಎತ್ತರದ ಸಮತಟ್ಟು ನೆಲದ, ಮೇಲೆ ಜನರಿಗೆ ಧೈರ್ಯ ಹೆಚ್ಚು. ಅಡಿಯಲ್ಲಿ ಕಲ್ಲೇ ಇದೆಯಲ್ಲ, ತೂತು ಕೊರೆದು ಫಾಸ್ಟನರ್ ಬಿಗಿದರಾಯಿತು ಅಂತ ವೆಲ್ಡಿಂಗಿನವರೂ ಹೇಳುತ್ತಾರೆ. ಆ ಫಾಸ್ಟನರ್ ತೂತಿನೊಳಗೆ ಅಗಲವಾಗಿ ಬದಿಗೆ ಒತ್ತಿ ನಿಲ್ಲುವಂಥದ್ದು. ಗಟ್ಟಿ ಕಾಂಕ್ರೀಟಿಗೆ ಒಳ್ಳೆಯದು. ಮುರಕಲ್ಲು ಮೆದು, ಒಳಗೆಲ್ಲ ಪೊಳ್ಳು. ಒತ್ತಿದ ಕಡೆ ಪುಡಿಯಾಗಿ ಬೋಲ್ಟು ಸಡಿಲವಾಗುತ್ತದೆ. ಅಲ್ಲಿಯೂ ಗುಂಡಿ ಕೊರೆದು ಕಾಂಕ್ರೀಟು ತುಂಬುವುದೇ ಸರಿ. ಗುಂಡಿಯ ಒರಟು ಬದಿಗೆ ಕಾಂಕ್ರೀಟು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಮಂಜೇಶ್ವರ, ಕುಂಬಳೆಯ ಕಡಲ ಬದಿಯ ಹೊಯ್ಗೆಯಲ್ಲಿ (ಮರಳಿನಲ್ಲಿ) ಬುಡ ಇನ್ನೂ ಅಗಲ ಬೇಕು. ಉಪ್ಪುಗಾಳಿಗೆ ಬೋಲ್ಟು, ನಟ್ಟು ಗ್ಯಾಲ್ವನೈಸ್ ಆದದ್ದೇ ಆಗಬೇಕು.

ಕಾಂಕ್ರೀಟಿನೊಳಗೆ ಕೊನೆ ಬಾಗಿದ 12 ಮಿ.ಮೀ. ಬೋಲ್ಟು ಕೂರಿಸಿ, ಅದರ ಮೇಲೆ ಕಂಬದ ಪ್ಲೇಟು ಬಿಗಿಯಿರಿ. ಪೈಪನ್ನೇ ಹೂತರೆ ಕೆಳತುದಿಗೆ ಒಂದು ಅಡ್ಡ ಕಂಬಿ ವೆಲ್ಡ್ ಮಾಡಿಸಿ, ಸುಮ್ನೆ ನೆಟ್ಟ ಪೈಪು ಜಾರಿ ಬರುತ್ತದೆ. ಕಾಂಕ್ರೀಟು ನೆಲದಿಂದ ನಾಲ್ಕು ಇಂಚು ಮೇಲಿರಲಿ. ತುಕ್ಕು ಶುರುವಾಗುವುದೇ ಮಣ್ಣು ತಾಗುವ ಗೆರೆಯಲ್ಲಿ.

ಬುಡ ಗಟ್ಟಿಯಾದ ಮೇಲೆ ಮೇಲಿನ ಜೋಡಣೆ. ಕಂಬದಿಂದ ಅಡ್ಡ ಪೈಪಿಗೆ, ಅಲ್ಲಿಂದ ಶೀಟಿಗೆ ಹಿಡಿತ ಎಲ್ಲೂ ತಪ್ಪಬಾರದು. ಮಾಡಿನ ಅಂಚು, ಮೂಲೆಗಳಲ್ಲಿ ಸೆಳೆತ ತುಂಬಾ ಜಾಸ್ತಿ. ಅಲ್ಲಿ ಶೀಟಿನ ಪ್ರತಿ ಉಬ್ಬಿಗೂ ವಾಷರ್ ಇರುವ ಸ್ಕ್ರೂ ಬೀಳಲಿ. ನಡುವೆ ಒಂದು ಬಿಟ್ಟು ಒಂದಾದರೂ ನಡೆಯುತ್ತದೆ. ಕಂಬಗಳ ನಡುವೆ ಓರೆಯಾಗಿ ಪೈಪು ಕೊಡಿ. ಬಾಗಿಲಿಗೆ ಮೇಲೂ ಕೆಳಗೂ ಚಿಲಕ ಇರಲಿ. ಅದು ತೆರೆದುಕೊಂಡರೆ ಶೆಡ್ಡು ತೆರೆದಂತೆಯೇ.

ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಗೂಡು ಇದ್ದರೆ ಮಳೆಗಾಲಕ್ಕೆ ಮೊದಲೇ ಜಾಗ್ರತೆ ಬೇಕು. 2021ರಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲಿನಲ್ಲಿ ಹಾದುಹೋದದ್ದು ಮೇ ತಿಂಗಳ ನಡುವಿನಲ್ಲಿ, ಹೊದಿಕೆ ಇನ್ನೂ ಇಳಿಸಿರದ ಹೊತ್ತಿನಲ್ಲಿ. ಎಚ್ಚರಿಕೆ ಬಂದ ದಿನವೇ ಹೊದಿಕೆ ಬಿಚ್ಚಿ ಮಡಚಿಡಿ. ಬರಿಯ ಚೌಕಟ್ಟಿಗೆ ಗಾಳಿಯ ಹೊಡೆತ ತೀರಾ ಕಡಿಮೆ.

ವರ್ಷಕ್ಕೊಮ್ಮೆ, ಮೇ ಕೊನೆಯ ವಾರ ಬರುವ ಪತ್ತನಾಜೆಗೆ ಮೊದಲು, ಸ್ಪ್ಯಾನರ್ ಹಿಡಿದು ಎಲ್ಲ ನಟ್ಟುಗಳನ್ನು ಬಿಗಿಮಾಡಿ. ವಾಷರ್ ಬಿರಿದ ಸ್ಕ್ರೂಗಳನ್ನು ಬದಲಿಸಿ. ಬುಡದ ಮಣ್ಣು ಕೊಚ್ಚಿಹೋಗಿದ್ದರೆ ತುಂಬಿಸಿ ಗುದ್ದಿ, ಮಾಡಿನ ನೀರು ಅಲ್ಲಿಗೇ ಬೀಳುತ್ತಿದ್ದರೆ ಒಂದು ಕಣಿ ತೆಗೆದು ಬೇರೆ ಕಡೆ ಹರಿಯಬಿಡಿ.