ಒಂದು ಎಂಜಿನ್ ಕೆಟ್ಟರೆ ಪೈಲಟ್ ಬ್ರೇಕ್ ಹಾಕಬಾರದಾ?

ಅಮೆರಿಕದ ಲೂಯಿವಿಲ್‌ನಲ್ಲಿ 2025ರ ನವೆಂಬರ್ 4ರಂದು ಯುಪಿಎಸ್ ಕಂಪನಿಯ ಸರಕು ವಿಮಾನ ಮೇಲೇರುತ್ತಲೇ ಬಿದ್ದಾಗಿನಿಂದ ಮಂಡ್ಯದಲ್ಲಿ ಎಲ್ಲಿ ನಿಂತರೂ ಇದೇ ಪ್ರಶ್ನೆ. ಇನ್ನೊಮ್ಮೆ ಹೇಳುತ್ತೇನೆ: ಒಂದು ವೇಗದ ತನಕ ಹಾಕಬಹುದು, ಆಮೇಲೆ ಹಾಕಬಾರದು, ನಿಲ್ಲುವಷ್ಟು ರನ್‌ವೇ ಉಳಿದಿರುವುದಿಲ್ಲ. ಆ ವೇಗಕ್ಕೆ ‘ವಿ-ಒನ್’ ಎನ್ನುತ್ತಾರೆ. ಹೊರಡುವ ಮುಂಚೆಯೇ ತೂಕ, ಬಿಸಿಲು, ರನ್‌ವೇ ಉದ್ದ ನೋಡಿ ಲೆಕ್ಕ ಹಾಕಿರುತ್ತಾರೆ.

ಅಷ್ಟು ಹೇಳಿದ ಕೂಡಲೇ ಬರುವ ಮಾತು: “ಜೋಡೆತ್ತಿನಲ್ಲಿ ಒಂದು ಕೂತರೆ ಗಾಡಿ ನಿಲ್ಲಲ್ವಾ ಸಾರ್? ಬೀಳದೆ ಇರುತ್ತಾ?”

ಬೀಳುವುದಿಲ್ಲ. ಕೂತ ಎತ್ತು ನೊಗಕ್ಕೆ ಜೋತುಬಿದ್ದು ಇನ್ನೊಂದನ್ನೂ ತಡೆಯುತ್ತದೆ. ವಿಮಾನದಲ್ಲಿ ನೊಗವಿಲ್ಲ. ಎರಡು ಎಂಜಿನ್‌ನ ಪ್ರಯಾಣಿಕ ವಿಮಾನ ಒಂದರಲ್ಲೇ ಮೇಲೇರುತ್ತದೆಂದು ಹಾರಿಸಿ ತೋರಿಸದೆ ಪರವಾನಗಿಯೇ ಸಿಗದು. ತರಗತಿಯಲ್ಲಿ ನಾನು ಬೆಂಚನ್ನು ಒಂದೇ ತುದಿಯಲ್ಲಿ ನೂಕಿಸುತ್ತೇನೆ. ಬೆಂಚು ನಿಲ್ಲುವುದಿಲ್ಲ, ಸೊಟ್ಟಗೆ ತಿರುಗುತ್ತದೆ. ಆ ತಿರುಗುವಿಕೆಯನ್ನು ತಡೆಯಲಿಕ್ಕೇ ಬಾಲದಲ್ಲಿ ರಡ್ಡರ್ ಎಂಬ ಆಚೀಚೆ ತಿರುಗುವ ಹಲಗೆ ಇರುವುದು. ಇದನ್ನು ನೋಡಿದ ಹುಡುಗರು ಮತ್ತೆ ಎತ್ತಿನ ಮಾತೆತ್ತುವುದಿಲ್ಲ.

ಹೆದರಿ ನಿಲ್ಲಿಸಿದರೆ ಏನಾಗುತ್ತದೆ? 2008ರಲ್ಲಿ ಬ್ರಸೆಲ್ಸ್‌ನಲ್ಲಿ 747 ಸರಕು ವಿಮಾನದ ನಾಲ್ಕು ಎಂಜಿನ್‌ಗಳಲ್ಲಿ ಒಂದಕ್ಕೆ ಹಕ್ಕಿ ನುಗ್ಗಿತು. ವಿ-ಒನ್ ದಾಟಿದ ಮೇಲೆ ಬ್ರೇಕ್ ಹಾಕಿದರು. ರನ್‌ವೇ ಮುಗಿಯಿತು, ವಿಮಾನ ಮೂರು ತುಂಡಾಯಿತು. ಒಳಗಿದ್ದ ಐವರೂ ಬದುಕಿದ್ದು ಪುಣ್ಯ.

ಲೂಯಿವಿಲ್‌ನದು ಬೇರೆ ಕಥೆ. ಮೂರು ಎಂಜಿನ್‌ನ ಆ ಎಂಡಿ-11 ವಿಮಾನದ ಎಡಗಡೆಯ ಎಂಜಿನ್ ಸುಮ್ಮನೆ ಕೆಡಲಿಲ್ಲ, ತನ್ನನ್ನು ಹಿಡಿದಿದ್ದ ಪೈಲಾನ್ ಸಮೇತ ರೆಕ್ಕೆಯಿಂದ ಕಿತ್ತುಹೋಯಿತು, ರೆಕ್ಕೆ ಹೊತ್ತಿಕೊಂಡಿತು. ಜೋಡಣೆಯ ಲೋಹದಲ್ಲಿ ದಣಿವಿನ (ಮತ್ತೆ ಮತ್ತೆ ಹೊರೆ ಬಿದ್ದು ಆಗುವ) ಬಿರುಕುಗಳಿದ್ದವೆಂದು ತನಿಖೆಯ ಮೊದಲ ವರದಿ ಹೇಳಿತು. 1979ರಲ್ಲಿ ಶಿಕಾಗೋದಲ್ಲೂ ಡಿಸಿ-10 ವಿಮಾನದ ಎಂಜಿನ್ ಹೀಗೇ ಕಿತ್ತುಹೋಯಿತು. ಅಲ್ಲಿ ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಕೊಳವೆಗಳೂ ಹರಿದು, ಮೇಲೇರುವಾಗ ಎಡರೆಕ್ಕೆಯ ಮುಂದಿನ ಅಂಚಿನಲ್ಲಿ ಚಾಚಿರುವ ಸ್ಲ್ಯಾಟ್ ಎಂಬ ಹಲಗೆಗಳು ಮಡಚಿಕೊಂಡು, ಆ ರೆಕ್ಕೆಗೆ ಎತ್ತುವ ಬಲವೇ ಹೋಯಿತು. ಆ ವಿಮಾನವನ್ನು ಬೀಳಿಸಿದ್ದು ರೆಕ್ಕೆಗಾದ ಗಾಯ.

ಯಾರೂ ಕೇಳದಿದ್ದರೂ ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯ ಮಾತು ಹೇಳಬೇಕು. ನಂಜನಗೂಡು ರಸ್ತೆಯಲ್ಲಿ ನಿಂತರೆ ಎರಡು ಎಂಜಿನ್‌ನ ಚಿಕ್ಕ ಎಟಿಆರ್ ವಿಮಾನ ಅರ್ಧ ರನ್‌ವೇಯಲ್ಲೇ ಎದ್ದಂತೆ ಕಾಣುತ್ತದೆ, “ಇಷ್ಟು ಜಾಗ ಸಾಲದಾ, ರನ್‌ವೇ ಇನ್ನೂ ಉದ್ದ ಯಾಕೆ ಮಾಡಬೇಕು?” ಎನ್ನಿಸುತ್ತದೆ. ಅಲ್ಲಿನ ರನ್‌ವೇ 1,740 ಮೀಟರ್. ಲೆಕ್ಕ ಹಾಕುವುದು ಎರಡೂ ಎಂಜಿನ್ ಸರಿಯಿರುವ ದಿನಕ್ಕಲ್ಲ, ವಿ-ಒನ್ ಹತ್ತಿರ ಒಂದು ಕೈಕೊಡುವ ದಿನಕ್ಕೆ: ಆಗ ನಿಲ್ಲಲೂ ಜಾಗ ಬೇಕು, ಉಳಿದ ಒಂದರಲ್ಲಿ ಏರಲೂ ಜಾಗ ಬೇಕು. ಏಪ್ರಿಲ್ ಮಧ್ಯಾಹ್ನದ ತೆಳು ಗಾಳಿಯಲ್ಲಿ ಇನ್ನೂ ಹೆಚ್ಚು ಬೇಕು. ದೊಡ್ಡ ಜೆಟ್ ಅಲ್ಲಿಂದ ತುಂಬು ಹೊರೆ ಹೊತ್ತು ಏಳಲಾರದ್ದು ಈ ಲೆಕ್ಕದಿಂದಲೇ.