ಕರೆದರೆ ‘ಹೂಂ’ ಅನ್ನಬೇಕು: ಹಲ್ಲಿನ ಚಿಕಿತ್ಸೆಯಲ್ಲಿ ಸೆಡೇಷನ್, ನನ್ನ ಟಿಪ್ಪಣಿ

ಮೌಖಿಕ ಪರೀಕ್ಷೆಯಲ್ಲಿ ಮುಗ್ಗರಿಸಿದ ಮೇಲೆ ಬರೆದದ್ದು ಇದು. ಸೆಡೇಷನ್ ಅಂದರೆ ಔಷಧಿ ಕೊಟ್ಟು ರೋಗಿಯ ಭಯ ತಗ್ಗಿಸಿ ಮಂಪರು ಬರಿಸುವುದು. ‘ಮಾಡರೇಟ್ (ಮಧ್ಯಮ) ಸೆಡೇಷನ್‌ಗೆ ಒಂದು ಉದಾಹರಣೆ ಹೇಳಮ್ಮ’ ಅಂದರು ಪರೀಕ್ಷಕರು. ‘ಮಿಡಜೋಲಾಮ್ ಸರ್’ ಅಂದೆ. ‘ಅದು ಔಷಧಿಯ ಹೆಸರು. ನಾನು ಕೇಳಿದ್ದು ರೋಗಿಯ ಸ್ಥಿತಿ’ ಅಂದರು. ಆಗ ಅರ್ಥವಾಗಲಿಲ್ಲ. ಧಾರವಾಡದಿಂದ ಶಿರಸಿಗೆ ಬಸ್ಸಿನಲ್ಲಿ ಬರುವಾಗಲೂ ಅರ್ಥವಾಗಲಿಲ್ಲ. ಅರ್ಥವಾದದ್ದು ಮನೆಗೆ ಬಂದು, ಜಗಲಿಯಲ್ಲಿ ಅತ್ತೆಗೆ ವಿವರಿಸಲು ಹೋದಾಗ. ನನ್ನ ಹಾಗೆ ಕನ್ನಡ ಮಾಧ್ಯಮದಿಂದ ಬಂದು ಬಿಡಿಎಸ್ (ದಂತವೈದ್ಯ ಪದವಿ) ಓದುತ್ತಿರುವವರಿಗೆ ಉಪಯೋಗಕ್ಕೆ ಬಂದೀತು. ಇದನ್ನು ಓದಿ ಯಾರಿಗೂ ಔಷಧಿ ಕೊಡಲು ಹೋಗಬೇಡಿ. ಅದಕ್ಕೆ ತರಬೇತಿ ಬೇಕು, ಪಕ್ಕದಲ್ಲಿ ಅನುಭವಿಗಳು ಬೇಕು.

ಅತ್ತೆಯ ಕತೆ ಇಷ್ಟು. ಮಗಳ ಮದುವೆ ಹತ್ತಿರ ಬಂದಿದೆ, ಫೋಟೋದಲ್ಲಿ ಹಲ್ಲು ಬೆಳ್ಳಗೆ ಕಾಣಬೇಕು. ಆದರೆ ಹಲ್ಲಿನ ಡಾಕ್ಟರ ಕುರ್ಚಿ ಕಂಡರೆ ಕೈಕಾಲು ತಣ್ಣಗಾಗುತ್ತದೆ. ‘ಕೂಸೇ, ಎಂಗೆ ನಿದ್ದೆ ಬರ್ಸಿ, ಆಮೇಲೆ ಎಂತ ಬೇಕಾದ್ರೂ ಮಾಡಿ’ ಅಂದಳು. ಈ ಒಂದು ವಾಕ್ಯದಲ್ಲಿ ಇಡೀ ಅಧ್ಯಾಯದ ತಪ್ಪು ತಿಳುವಳಿಕೆಗಳೆಲ್ಲ ಇವೆ.

ಭಯ ಎಷ್ಟಿದೆ

ಇದು ಸುಲಭ. ಹಲ್ಲಿನ ಚಿಕಿತ್ಸೆಯ ಭಯ ಅಳೆಯುವ ಮಾಡಿಫೈಡ್ ಡೆಂಟಲ್ ಆಂಕ್ಸೈಟಿ ಸ್ಕೇಲ್‌ನಲ್ಲಿ ಐದು ಪ್ರಶ್ನೆ: ನಾಳೆ ಹೋಗಬೇಕು ಅಂದರೆ ಹೇಗನ್ನಿಸುತ್ತದೆ, ಹೊರಗೆ ಕಾಯುವಾಗ, ಡ್ರಿಲ್ ಮಾಡುವಾಗ, ಕ್ಲೀನಿಂಗ್ ಮಾಡುವಾಗ, ವಸಡಿಗೆ ಸೂಜಿ ಚುಚ್ಚುವಾಗ. ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 5ರಿಂದ 25. 19 ಅಥವಾ ಮೇಲೆ ಬಂದರೆ ತೀವ್ರ ಭಯ. ಅತ್ತೆಗೆ 21. ಡ್ರಿಲ್ಲಿಗೂ ಸೂಜಿಗೂ ಐದೈದು, ಕ್ಲೀನಿಂಗಿಗೆ ಮಾತ್ರ 3. ಒಟ್ಟು ಅಂಕವನ್ನಷ್ಟೇ ನೋಡಿ ಬಿಡಬೇಡಿ, ಯಾವ ಪ್ರಶ್ನೆಗೆ ಎಷ್ಟು ಬಂತು ಅನ್ನುವುದನ್ನೂ ನೋಡಿ. ಈ 3 ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

ನಾನು ಎಡವಿದ ಜಾಗ: ಮಟ್ಟ ಇರುವುದು ಔಷಧಿಯಲ್ಲಲ್ಲ

ನನ್ನ ತಲೆಯಲ್ಲಿ ಒಂದು ಕೋಷ್ಟಕ ಇತ್ತು. ಗ್ಯಾಸ್ (ನಗೆಗಾಳಿ, ನೈಟ್ರಸ್ ಆಕ್ಸೈಡ್) ಅಂದರೆ ಮಿನಿಮಲ್, ಗುಳಿಗೆ ಅಂದರೆ ಮಾಡರೇಟ್, ನರಕ್ಕೆ (ಅಂದರೆ ರಕ್ತನಾಳಕ್ಕೆ) ಕೊಟ್ಟರೆ ಡೀಪ್. ನೋಡಲು ಚಂದ. ಪೂರ್ತಿ ತಪ್ಪು.

ಮಟ್ಟವನ್ನು ಅಳೆಯುವುದು ರೋಗಿ ಹೇಗೆ ಪ್ರತಿಕ್ರಿಯಿಸುತ್ತಾರೆ ಅನ್ನುವುದರಿಂದ. ಮಾಮೂಲಿ ದನಿಯಲ್ಲಿ ಮಾತಾಡಿಸಿದರೆ ಮಾಮೂಲಿಯಾಗಿಯೇ ಉತ್ತರ ಬಂತು, ಮನಸ್ಸು ಮಾತ್ರ ಹಗುರಾಗಿದೆ: ಮಿನಿಮಲ್. ಕಣ್ಣು ಮುಚ್ಚಿಕೊಂಡಿದ್ದಾರೆ, ಆದರೆ ಕರೆದರೆ ಅಥವಾ ಭುಜ ತಟ್ಟಿದರೆ ‘ಹೂಂ’ ಅನ್ನುತ್ತಾರೆ, ‘ಬಾಯಿ ಅಗಲ ಮಾಡಿ’ ಅಂದರೆ ಮಾಡುತ್ತಾರೆ, ಉಸಿರು ತಾನಾಗಿ ಸರಾಗ ಇದೆ: ಮಾಡರೇಟ್. ಮತ್ತೆ ಮತ್ತೆ ಕರೆಯಬೇಕು, ಇಲ್ಲವೇ ನೋವು ಮಾಡಿದರೆ ಮಾತ್ರ ಅರಿತು ಸ್ಪಂದಿಸುತ್ತಾರೆ, ಉಸಿರಿನ ದಾರಿ ತೆರೆದಿಡಲು ನಾವು ಗದ್ದ ಎತ್ತಬೇಕಾಗಬಹುದು: ಡೀಪ್. ನೋವು ಮಾಡಿದರೂ ಏಳುವುದಿಲ್ಲ: ಅದು ಜನರಲ್ ಅನಸ್ತೇಸಿಯಾ, ಸೆಡೇಷನ್ ಅಲ್ಲವೇ ಅಲ್ಲ.

ಪರೀಕ್ಷೆಯಲ್ಲಿ ಇಲ್ಲೊಂದು ಗುಂಡಿ ತೋಡಿಟ್ಟಿರುತ್ತಾರೆ. ಚುಚ್ಚಿದಾಗ ಕೈ ಸರ್ರನೆ ಹಿಂದಕ್ಕೆ ಎಳೆದುಕೊಂಡರೆ ಅದು ‘ಅರಿತು ಸ್ಪಂದಿಸಿದ್ದು’ ಅಲ್ಲ, ಬರೀ ರಿಫ್ಲೆಕ್ಸ್. ನಿಮ್ಮ ಕೈಯನ್ನು ಹಿಡಿದು ದೂಡಿದರೆ, ‘ಬೇಡ’ ಅಂದರೆ, ಅದು ಅರಿತದ್ದು.

ಈಗ ಅಸಲಿ ಗಂಟು. ಅದೇ ಔಷಧಿ, ಅದೇ ಪ್ರಮಾಣ. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿಯಿಡೀ ಸುಲಿದು ನಿದ್ದೆಗೆಟ್ಟು ಬಂದವರಿಗೆ ಒಂದು ಮಟ್ಟ, ಚೆನ್ನಾಗಿ ಮಲಗೆದ್ದು ಬಂದವರಿಗೆ ಇನ್ನೊಂದು. ಎಪ್ಪತ್ತು ದಾಟಿದವರಿಗೆ ಬೇರೆ, ನಿದ್ದೆ ಮಾತ್ರೆ ನುಂಗುವ ರೂಢಿ ಇದ್ದವರಿಗೆ ಬೇರೆ. ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗಲಿಲ್ಲ. ಒಪ್ಪಲಾಗದೆ ಒದ್ದಾಡಿದ್ದು ಮುಂದಿನ ಮಾತನ್ನು: ಅದೇ ರೋಗಿ, ಅದೇ ಔಷಧಿ, ಹೊಸದಾಗಿ ಒಂದು ಹನಿಯೂ ಕೊಟ್ಟಿಲ್ಲ, ಆದರೂ ಮಂಪರು ಇನ್ನೂ ಆಳದ ಮಟ್ಟಕ್ಕೆ ಇಳಿಯಬಹುದು. ಹೇಗೆ? ಡ್ರಿಲ್ ನಿಲ್ಲಿಸಿದರೆ ಸಾಕು!

ರಾತ್ರಿ ಬಸ್ಸಿನಲ್ಲಿ ತೂಕಡಿಸುವವರನ್ನು ನೆನಪಿಸಿಕೊಳ್ಳಿ. ದೇವಿಮನೆ ಘಟ್ಟದಲ್ಲಿ ತಿರುವಿಗೊಮ್ಮೆ ತಲೆ ಕಿಟಕಿಗೆ ಬಡಿಯುತ್ತಿರುವಷ್ಟು ಹೊತ್ತು ಅರೆ ಎಚ್ಚರ. ಘಟ್ಟ ಇಳಿದು ನೇರ ರಸ್ತೆ ಸಿಕ್ಕಿದ್ದೇ ಗೊರಕೆ. ನಿದ್ದೆಯ ಪ್ರಮಾಣ ಹೆಚ್ಚಿದ್ದಲ್ಲ, ಎಬ್ಬಿಸುತ್ತಿದ್ದದ್ದು ನಿಂತಿತು. ಕುರ್ಚಿಯಲ್ಲೂ ಹಾಗೆಯೇ. ಡ್ರಿಲ್ಲಿನ ಸದ್ದು, ನೀರು, ಕೆನ್ನೆ ಎಳೆಯುವ ಬೆರಳು, ಇವೆಲ್ಲ ರೋಗಿಯನ್ನು ಮೇಲಕ್ಕೆ ಎಳೆದು ಹಿಡಿದಿರುತ್ತವೆ. ಕೆಲಸ ಮುಗಿಸಿ ‘ಅಬ್ಬ, ಆಯಿತು’ ಅಂತ ನಾವು ಗ್ಲೌಸ್ ಬಿಚ್ಚುವ ಹೊತ್ತಿಗೆ ರೋಗಿ ಒಂದು ಮೆಟ್ಟಿಲು ಕೆಳಗೆ ಜಾರಬಹುದು. ಹಾಗಾಗಿ ನಿಗಾ ಇಡುವ ಕೆಲಸ ಚಿಕಿತ್ಸೆಯ ಜೊತೆಗೆ ಮುಗಿಯುವುದಿಲ್ಲ. ಪರೀಕ್ಷಕರ ಪ್ರಶ್ನೆ ಯಾಕೆ ಹಾಗಿತ್ತು ಅಂತ ನನಗೆ ಹೊಳೆದದ್ದು ಇಲ್ಲಿ.

ಇದರಿಂದಲೇ ಇನ್ನೊಂದು ನಿಯಮ ಹುಟ್ಟುತ್ತದೆ. ಮಾಡರೇಟ್ ಮಾಡುವವರಿಗೆ ಡೀಪ್‌ಗೆ ಜಾರಿದವರನ್ನು ಕಾಪಾಡಲು ಬರಬೇಕು. ಅಂದರೆ ನೀವು ನಿಂತಿರುವ ಮೆಟ್ಟಿಲಿಗಿಂತ ಒಂದು ಕೆಳಗಿನದಕ್ಕೂ ತಯಾರಿ ಇರಬೇಕು.

ನನಗೆ ತುಂಬ ಇಷ್ಟವಾದ ಗುರುತು: ಬಾಯಿ. ಚಿಕಿತ್ಸೆ ನಡುವೆ ರೋಗಿಯ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಾ ಬಂದರೆ, ಹೇಳಿದರೂ ತೆರೆಯದಿದ್ದರೆ, ಆಳ ಹೆಚ್ಚುತ್ತಿದೆ ಎಂದರ್ಥ. ನಮ್ಮ ಕಣ್ಣು ಹೇಗೂ ಬಾಯಿಯ ಮೇಲೆಯೇ ಇರುತ್ತದಲ್ಲ. ಪಲ್ಸ್ ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಕ್ಲಿಪ್ಪು) ಬೇಕೇ ಬೇಕು, ಆದರೆ ಮೂಗಿಗೆ ಆಮ್ಲಜನಕ ಹೋಗುತ್ತಿರುವಾಗ ಉಸಿರು ಕಡಿಮೆಯಾದರೂ ಅದರ ಅಂಕಿ ತಕ್ಷಣ ಬೀಳುವುದಿಲ್ಲ. ಎದೆ ಏರಿಳಿಯುವುದನ್ನು ಕಣ್ಣಾರೆ ನೋಡಬೇಕು. ಮದುವೆ ಮನೆಯವರಾದರೆ ಉಗುರಿನ ಬಣ್ಣ ಒರೆಸಿಯೇ ಬೆರಳಿಗೆ ಹಾಕಿ.

ಭಯ ಬೇರೆ, ನೋವು ಬೇರೆ

ಮಿಡಜೋಲಾಮ್, ಡಯಾಜೆಪಾಮ್ ಈ ಮಂಪರಿನ ಔಷಧಿಗಳು ನೋವನ್ನು ತೆಗೆಯುವುದಿಲ್ಲ. ಗ್ಯಾಸಿಗೆ ಸ್ವಲ್ಪ ನೋವು ತಗ್ಗಿಸುವ ಗುಣ ಇದೆ, ಆದರೆ ಹಲ್ಲು ಕೊರೆಯಲು ಅದು ಸಾಲದು. ಹಲ್ಲು ಕೊರೆಯುವುದಾದರೆ ಮರಗಟ್ಟಿಸುವ ಇಂಜೆಕ್ಷನ್ ಯಾವ ಸೆಡೇಷನ್‌ನಲ್ಲೂ ತಪ್ಪಿದ್ದಲ್ಲ. ‘ನಿದ್ದೆ ಬರಿಸಿದರೆ ಸೂಜಿ ಬೇಡ’ ಅನ್ನುವುದು ಅತ್ತೆಯ ಮೊದಲ ತಪ್ಪು ಲೆಕ್ಕ.

ಮರಗಟ್ಟಿಸುವ ಔಷಧಿಯ ಲೆಕ್ಕದ ವಿಷಯಕ್ಕೆ ಒಂದೇ ಸಾಲು: 2% ಅಂದರೆ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ. ಶೇಕಡಾ ಅಂಕಿಯ ಬಲಕ್ಕೆ ಒಂದು ಸೊನ್ನೆ ಹಾಕಿ, ಮುಗಿಯಿತು. ಅಡ್ರಿನಲಿನ್ ಇರುವ 2% ಲಿಗ್ನೊಕೇನ್‌ಗೆ (ಇದೇ ಆ ಮರಗಟ್ಟಿಸುವ ಔಷಧಿ) ಮಿತಿ ಕಿಲೋಗೆ 7 ಮಿಲಿಗ್ರಾಂ ಅಂತ ಹಿಡಿದರೆ, 50 ಕಿಲೋ ತೂಕದವರಿಗೆ 350 ಮಿಲಿಗ್ರಾಂ, ಅಂದರೆ 17.5 ಮಿಲಿಲೀಟರ್.

ನಗೆಗಾಳಿ

ನೈಟ್ರಸ್ ಆಕ್ಸೈಡ್ ಚರಿತ್ರೆ ಹಲ್ಲಿನ ಡಾಕ್ಟರದ್ದೇ. ಅಮೆರಿಕದ ಹಾರ್ಟ್‌ಫರ್ಡ್‌ನ ದಂತವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರ್ 11ರಂದು ಈ ಗಾಳಿ ಸೇವಿಸಿ ತನ್ನದೇ ಹಲ್ಲು ಕೀಳಿಸಿಕೊಂಡ. ಮರುವರ್ಷ ಬೋಸ್ಟನ್‌ನಲ್ಲಿ ಎಲ್ಲರೆದುರು ತೋರಿಸಲು ಹೋದಾಗ ರೋಗಿ ಕೂಗಿಕೊಂಡು, ವೆಲ್ಸ್ ನಗೆಪಾಟಲಾದ. ಇದರ ಮ್ಯಾಕ್ (ಕತ್ತರಿಸಿದರೂ ಅರ್ಧದಷ್ಟು ಜನ ಅಲುಗಾಡದಂತಾಗಲು ಉಸಿರಿನಲ್ಲಿ ಬೇಕಾದ ಅನಿಲದ ಶೇಕಡಾ ಪ್ರಮಾಣ) 104 ಅನ್ನುವುದನ್ನು ನಾನು ಈ ಕತೆಯಿಂದಲೇ ನೆನಪಿಟ್ಟುಕೊಂಡದ್ದು: 100% ಕೊಟ್ಟರೂ ಮಾಮೂಲಿ ಒತ್ತಡದಲ್ಲಿ ಪೂರ್ತಿ ಅರಿವಳಿಕೆಗೆ ತಲುಪದಷ್ಟು ದುರ್ಬಲ ಅನಿಲ. ನಮಗೆ ಬೇಕಾದ್ದೂ ಅದೇ ದೌರ್ಬಲ್ಯ.

ಮೊದಲು ಬರೀ ಆಮ್ಲಜನಕ, ಆಮೇಲೆ ನೈಟ್ರಸ್ಸನ್ನು ಹತ್ತು ಹತ್ತು ಶೇಕಡಾ ಏರಿಸುತ್ತಾ, ಕೊನೆಗೆ ಐದೈದು. ಬೆರಳ ತುದಿ ಜುಮ್ಮೆನ್ನುವುದು, ಮೈ ಬೆಚ್ಚಗಾಗುವುದು, ಕಾಲು ಭಾರವಾಗುವುದು, ಅಲ್ಲಿಗೆ ಸಾಕು. ಬಹಳ ಜನರಿಗೆ 30ರಿಂದ 50%ರೊಳಗೆ ಆಗುತ್ತದೆ. ಹಲ್ಲಿನ ಕ್ಲಿನಿಕ್ಕಿಗೆಂದೇ ಮಾಡಿದ ಯಂತ್ರ ಆಮ್ಲಜನಕವನ್ನು 30%ಗಿಂತ ಕೆಳಗೆ ಇಳಿಯಗೊಡುವುದಿಲ್ಲ. ಮೂಗಿನಿಂದ ಉಸಿರಾಡಬೇಕು. ಮೂಗು ಕಟ್ಟಿದವರಿಗೂ, ಬಾಯಿ ಮುಚ್ಚದೆ ಮಾತಾಡುವವರಿಗೂ ಇದು ಹತ್ತುವುದಿಲ್ಲ (ನಮ್ಮ ಮಾವ ಎರಡನೆಯ ಗುಂಪು). ಬಸುರಿನ ಮೊದಲ ಮೂರು ತಿಂಗಳು, ಇತ್ತೀಚೆಗೆ ಮಧ್ಯಕಿವಿಯ ಆಪರೇಷನ್ ಆದವರು, ಬಿ12 ಕೊರತೆ ಇರುವವರು, ಇವರಿಗೆ ಬೇಡ.

ಸಿಲಿಂಡರಿನ ಗೊಂದಲ ನಾನು ಎರಡು ಸಲ ಓದಿದರೂ ಬಿಡಿಸಲಾಗದೆ ಅಡುಗೆಮನೆಯಲ್ಲಿ ಬಿಡಿಸಿದ್ದು. ಆಮ್ಲಜನಕದ ಮೀಟರು 2000 ಪಿಎಸ್‌ಐಯಿಂದ (ಒತ್ತಡದ ಅಳತೆ) 1000ಕ್ಕೆ ಬಂದರೆ ಅರ್ಧ ಖಾಲಿ. ನೈಟ್ರಸ್ ಮೀಟರು ಮಾತ್ರ ಸುಮಾರು 745ರಲ್ಲಿ ಕೂತದ್ದು ಕೂತೇ ಇರುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಯಾಕೆಂದರೆ ಒಳಗಿರುವುದು ದ್ರವ, ನಮ್ಮ ಅಡುಗೆ ಗ್ಯಾಸಿನ ಹಾಗೆ. ಒಂದು ಹನಿ ದ್ರವ ಉಳಿದಿದ್ದರೂ ಅದು ಆವಿಯಾಗಿ ಒತ್ತಡವನ್ನು ಸರಿದೂಗಿಸುತ್ತದೆ. ಆಯಿ ಸಿಲಿಂಡರ್ ಎಷ್ಟು ಉಳಿದಿದೆ ಅಂತ ನೋಡುವುದು ಎತ್ತಿ ತೂಗಿಯೇ ಅಲ್ಲವೇ? ನೈಟ್ರಸ್ಸಿಗೂ ಅದೇ, ತೂಕವೇ ಸತ್ಯ.

ಕೊನೆಯಲ್ಲಿ 100% ಆಮ್ಲಜನಕ ಐದು ನಿಮಿಷ ಯಾಕೆ? ನೈಟ್ರಸ್ ರಕ್ತದಲ್ಲಿ ಕರಗುವುದು ಸಾರಜನಕಕ್ಕಿಂತ 30 ಪಟ್ಟಿಗೂ ಹೆಚ್ಚು. ನಿಲ್ಲಿಸಿದ ಕೂಡಲೇ ಅದು ರಕ್ತದಿಂದ ಶ್ವಾಸಕೋಶದ ಗೂಡುಗಳಿಗೆ ನುಗ್ಗುತ್ತದೆ. ಮಾರಿಕಾಂಬಾ ಜಾತ್ರೆಯಲ್ಲಿ ಆಟ ಬಿಟ್ಟಾಗ ಓಣಿಯಲ್ಲಿ ಹೊರಗೆ ಬರುವ ಜನರ ನಡುವೆ ಒಳಗೆ ಹೋಗುವವರಿಗೆ ಜಾಗ ಸಿಗದ ಹಾಗೆ, ಆಮ್ಲಜನಕ ತೆಳುವಾಗುತ್ತದೆ. ಡಿಫ್ಯೂಷನ್ ಹೈಪಾಕ್ಸಿಯಾ ಅಂದರೆ ಇಷ್ಟೇ.

ಮಿಡಜೋಲಾಮ್, ಚಿಕ್ಕದಾಗಿ

ನರಕ್ಕೆ ಕೊಡುವಾಗ ಸ್ವಲ್ಪ ಸ್ವಲ್ಪ ಕೊಟ್ಟು ಕಾದು ನೋಡುತ್ತಾರೆ. ಬಾಯಿಗೆ ಕೊಟ್ಟದ್ದನ್ನು ಹಾಗೆ ತಿದ್ದಲು ಬರುವುದಿಲ್ಲ. ‘ಗುಳಿಗೆ ತಾನೇ’ ಅನ್ನುವ ಸಸಾರ ಇಲ್ಲಿ ನಡೆಯದು. ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿದ್ದರೆ ಇದರ ಪರಿಣಾಮ ಏರುತ್ತದೆ, ಮೊದಲೇ ಕೇಳಿ. ಪ್ರತಿವಿಷ ಫ್ಲುಮಾಜೆನಿಲ್, ಆದರೆ ಅದರ ಆಯಸ್ಸು ಮಿಡಜೋಲಾಮಿಗಿಂತ ಕಡಿಮೆ. ಎದ್ದು ಕೂತವರು ಮತ್ತೆ ಮಂಪರಿಗೆ ಬೀಳಬಹುದು.

ಆ ಹೊತ್ತಿನ ನೆನಪು ಉಳಿಯುವುದಿಲ್ಲ. ಹೆದರುವವರಿಗೆ ಇದು ವರ, ನಮಗೆ ತಲೆನೋವು. ಮುಗಿದ ಮೇಲೆ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ, ಮನೆಗೆ ಹೋದರೆ ಒಂದೂ ನೆನಪಿಲ್ಲ. ಸೂಚನೆ ಬರೆದು ಜೊತೆಗೆ ಬಂದವರ ಕೈಗೆ ಕೊಡಿ. ಒಬ್ಬರೇ ಬಂದರೆ ಸೆಡೇಷನ್ನೇ ಇಲ್ಲ. ಒಂದು ದಿನ ಬೈಕು ಕಾರು ಮುಟ್ಟುವ ಹಾಗಿಲ್ಲ.

ಕಷಾಯ ಮತ್ತು ಕವಳ

ಹೊಟ್ಟೆ ಖಾಲಿ ಇರಬೇಕಾದಾಗ 2-4-6: ತಿಳಿಯಾದ ದ್ರವ 2 ಗಂಟೆ, ತಾಯಿಹಾಲು 4, ಲಘು ಆಹಾರ 6. ‘ಬೆಳಗ್ಗೆಯಿಂದ ಎಂತದೂ ತಿಂದಿಲ್ಲೆ, ಕಷಾಯ ಮಾತ್ರ’ ಅನ್ನುವವರನ್ನು ಬಿಡದೆ ಕೇಳಿ, ಹಾಲು ಹಾಕಿದ್ದೋ ಇಲ್ಲವೋ ಅಂತ. ನಮ್ಮ ಕಡೆ ಹಾಲು ಹಾಕದ ಕಷಾಯ ಕುಡಿಯುವವರು ಎಷ್ಟು ಜನ? ಹಾಲು ಬಿದ್ದರೆ 6 ಗಂಟೆ. ಮಜ್ಜಿಗೆಗೂ ಅದೇ.

ಕವಳ (ಎಲೆ ಅಡಿಕೆ) ಹಾಕುವವರನ್ನು ಬಾಯಿ ತೆರೆಸಿ ನೋಡಲೇಬೇಕು. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪೊರೆ ಬಿಗಿದು ನಾರಾಗಿ, ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಬಂದು ಬಾಯಿ ಪೂರ್ತಿ ತೆರೆಯದಿರಬಹುದು. ಅವರದೇ ಮೂರು ಬೆರಳು ಮೇಲುಕೆಳಗಿನ ಹಲ್ಲಿನ ನಡುವೆ ಹೋಗುತ್ತದೆಯೇ? ಹೋಗದಿದ್ದರೆ ಮಂಪರಿನಲ್ಲಿ ಉಸಿರಿನ ದಾರಿ ಕೈಕೊಟ್ಟಾಗ ನಮಗೂ ದಾರಿ ಇಲ್ಲ. ಹೀಗಂತ ಅಡಿಕೆ ತೋಟದ ಮನೆಯಲ್ಲಿ ಕೂತು ಹೇಳಿದರೆ ರಾತ್ರಿ ಊಟ ಸಿಗುವುದು ಕಷ್ಟ, ಅಪ್ಪಯ್ಯ ಆಗಲೇ ಎರಡು ಸಲ ಕೆಮ್ಮಿದ.

ಅಂದದ ಕೆಲಸಕ್ಕೆ ಸೆಡೇಷನ್ ಬೇಕೇ?

ಬಹಳ ಸಲ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬ್ಲೀಚಿಂಗ್‌ನಲ್ಲಿ (ಔಷಧಿ ಹಚ್ಚಿ ಹಲ್ಲು ಬೆಳ್ಳಗೆ ಮಾಡುವುದು) ಡ್ರಿಲ್ ಇಲ್ಲ, ಸೂಜಿ ಇಲ್ಲ. ಹಲ್ಲು ಜುಂ ಅಂದರೆ ರೋಗಿ ಹೇಳುವಂತಿರಬೇಕು. ಎಂಟ್ಹತ್ತು ಹಲ್ಲಿಗೆ ಒಂದೇ ಸಲ ವಿನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪದರ) ಮಾಡಿಸುವ ಭಯಸ್ಥರಿಗೆ ಅರ್ಥ ಇದೆ. ಆದರೆ ಬಣ್ಣ ಆರಿಸುವುದು, ಆಕಾರ ಒಪ್ಪುವುದು, ಸಹಿ ಹಾಕುವುದು ಎಲ್ಲ ಪೂರ್ತಿ ಎಚ್ಚರದಲ್ಲಿ, ಔಷಧಿಗೆ ಮುಂಚೆ. ಮರಗಟ್ಟಿದ ತುಟಿ ಜೋತು ಬೀಳುತ್ತದೆ, ಆಗ ನಕ್ಕ ನಗೆ ಅವರದಲ್ಲ. ವಿನೀರ್‌ಗೆ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) 0.3ರಿಂದ 0.7 ಮಿಲಿಮೀಟರ್ ಸವೆಸುತ್ತಾರೆ, ಅದು ಮತ್ತೆ ಬೆಳೆಯುವುದಿಲ್ಲ. ಮಂಪರಿನಲ್ಲಿ ‘ಇನ್ನೆರಡು ಹಲ್ಲಿಗೂ ಮಾಡಿ’ ಅಂದರೆ ಅದು ಒಪ್ಪಿಗೆಯಲ್ಲ.

ಬಣ್ಣ ನೋಡುವುದು ಮೊದಲ ಕೆಲಸ, ಹಲ್ಲು ಒದ್ದೆ ಇರುವಾಗಲೇ. ಒಣಗಿದರೆ ಬೆಳ್ಳಗೆ ಕಂಡು ಮೋಸ ಮಾಡುತ್ತದೆ. ಬ್ಲೀಚಿಂಗ್ ಮಾಡುವುದಿದ್ದರೆ ಅದು ಮುಂಚೆ, ಕಾಂಪೊಸಿಟ್ (ಹಲ್ಲಿನ ಬಣ್ಣದ ತುಂಬುವ ವಸ್ತು) ಅಂಟಿಸುವುದು ಒಂದೆರಡು ವಾರ ಬಿಟ್ಟು. ಹಲ್ಲಿನಲ್ಲಿ ಉಳಿದ ಆಮ್ಲಜನಕ ಅಂಟನ್ನು ಗಟ್ಟಿಯಾಗಗೊಡುವುದಿಲ್ಲ. ಬ್ಲೀಚಿಂಗ್ ಔಷಧಿಯ ಮೇಲೆ 10% ಕಾರ್ಬಮೈಡ್ ಪೆರಾಕ್ಸೈಡ್ ಎಂದು ಕಂಡು ಹೆದರಬೇಡಿ, ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು 3.5% ಮಾತ್ರ.

ಕಲೆ ಎಲ್ಲಿದೆ ಅನ್ನುವುದೂ ಮುಖ್ಯ. ಗದಗ ಜಿಲ್ಲೆಯ ಮುಂಡರಗಿ ಕಡೆಯಿಂದ ಬರುವವರ, ನೀರಿನ ಫ್ಲೋರೈಡಿನಿಂದಾದ ಕಂದು ಎನಾಮಲ್ಲಿನ ಒಳಗಿನದು. ಕವಳದ ಕೆಂಪು ಮೇಲಿನದು, ಕ್ಲೀನಿಂಗ್ ಮತ್ತು ಪಾಲಿಷಿಂಗ್‌ಗೆ ಹೋಗುತ್ತದೆ.

ಅತ್ತೆಯ ಬಾಯಿಯನ್ನು ಜಗಲಿಯ ಬೆಳಕಿನಲ್ಲಿ ನೋಡಿದೆ. ಮುಕ್ಕಾಲು ಪಾಲು ಕವಳದ ಕಲೆ, ಮುಂದೆ ಒಂದು ಹಳೆಯ ಕ್ಯಾಪ್. ಕ್ಯಾಪ್ ಬ್ಲೀಚಿಂಗ್‌ಗೆ ಬಣ್ಣ ಬದಲಿಸುವುದಿಲ್ಲ, ಪಕ್ಕದ ಹಲ್ಲು ಬೆಳ್ಳಗಾದರೆ ಅದೊಂದೇ ಹಳದಿ ಉಳಿದು ಎದ್ದು ಕಾಣುತ್ತದೆ. ಹಾಗಾಗಿ ಬ್ಲೀಚಿಂಗ್ ಬೇಡ, ಬರೀ ಕ್ಲೀನಿಂಗ್ ಸಾಕು ಅಂದೆ. ಕ್ಲೀನಿಂಗಿಗೆ ಅವಳೇ ಕೊಟ್ಟ ಅಂಕ 3. ಸೂಜಿ ಇಲ್ಲ, ಡ್ರಿಲ್ ಇಲ್ಲ, ಎಡಗೈ ಎತ್ತಿದರೆ ನಿಲ್ಲಿಸುತ್ತಾರೆ ಅಂತ ಒಪ್ಪಂದ ಮಾಡಿಸುತ್ತೇನೆ ಅಂದೆ. ‘ನಿದ್ದೆ?’ ಅಂದಳು. ‘ಬೇಡ ಅತ್ತೆ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಹಾಲು ಹಾಕಿದ ಕಷಾಯ ಕುಡ್ಕಂಡೇ ಹೋಗ್ಲಕ್ಕು’ ಅಂದಳು. ಕುಡಿಯಬಹುದು.